ಪದಚರ್ಚೆ: ಕಾರಿನಲ್ಲಿ ಮಕ್ಕಳಿಗೆ ಹಾಕುವ ಬೆಲ್ಟಿಗೆ ‘ಸೊಂಟಪಟ್ಟಿ’ ಸರಿಯೇ?

ಬಳಗದ ಎಲ್ಲರಿಗೂ ನಮಸ್ಕಾರ.

ಕಾರಿನಲ್ಲಿ ಮಕ್ಕಳನ್ನು ಹೇಗೆ ಕೂರಿಸಬೇಕು ಅಂತ ನಮ್ಮ ಬಡಾವಣೆಯ ಅಪ್ಪ ಅಮ್ಮಂದಿರಿಗಾಗಿ ಒಂದು ಪುಟದ ಕರಪತ್ರ ಬರೆಯುತ್ತಿದ್ದೇನೆ. ಎರಡು ಪದಗಳ ಬಗ್ಗೆ ನಿಮ್ಮನ್ನು ಕೇಳಬೇಕು.

ಮೊದಲನೆಯದು ಬೂಸ್ಟರ್ ಸೀಟು. ಸುಮ್ನೆ ‘ಮಕ್ಕಳ ಸೀಟು’ ಅಂದರೆ ಸಾಲದು. ಪುಟ್ಟ ಮಕ್ಕಳ ಸೀಟಿನಲ್ಲಿ ಅದರದೇ ಬೆಲ್ಟುಗಳಿರುತ್ತವೆ. ಬೂಸ್ಟರಿನಲ್ಲಿ ಅವು ಇರುವುದಿಲ್ಲ. ಅದು ಮಗುವನ್ನು ಸ್ವಲ್ಪ ಮೇಲೆತ್ತುತ್ತದೆ, ಆಗ ದೊಡ್ಡವರ ಅಳತೆಯ ಕಾರ್ ಬೆಲ್ಟು ಮಗುವಿಗೂ ಸರಿಯಾದ ಜಾಗದಲ್ಲಿ ಕೂರುತ್ತದೆ. ‘ಏರುಮಣೆ’ ಅನ್ನಬಹುದೇನೋ ಅಂದುಕೊಂಡಿದ್ದೆ. ಆದರೆ ಅಂಗಡಿಯಲ್ಲಿ ಕೇಳಿ ತರಬೇಕಾದ ವಸ್ತು, ಅಲ್ಲಿ ನಡೆಯುವ ಹೆಸರೇ ಇರಲಿ.

ಎರಡನೆಯದೇ ನನ್ನ ಚಿಂತೆ. ಸೀಟ್ ಬೆಲ್ಟಿನಲ್ಲಿ ಎರಡು ಭಾಗ, ಅಲ್ವಾ? ಎದೆಯ ಮೇಲೆ ಓರೆಯಾಗಿ ಬರುವುದಕ್ಕೆ ‘ಭುಜಪಟ್ಟಿ’ ಸಾಕು. ಕೆಳಗೆ ಅಡ್ಡ ಬರುವುದನ್ನು ‘ಸೊಂಟಪಟ್ಟಿ’ ಅಂದರೆ ತೊಂದರೆ. ಸೊಂಟ ಅಂದ ಕೂಡಲೇ ನಮ್ಮ ಕೈ ಹೋಗುವುದು ಸೀರೆಯ ನೆರಿಗೆ ಸಿಕ್ಕಿಸುವ ಜಾಗಕ್ಕೆ. ಮಗುವಿನಲ್ಲಿ ಅಲ್ಲಿರುವುದು ಮೆತ್ತನೆಯ ಹೊಟ್ಟೆ. ಬೆಲ್ಟು ಅಲ್ಲಿರಲೇಬಾರದು. ತೊಡೆಯ ಬುಡದವರೆಗೆ ತಗ್ಗಿ, ಎರಡೂ ಪಕ್ಕದ ಗಟ್ಟಿ ಮೂಳೆಗೆ ಒತ್ತಿಕೊಂಡಿರಬೇಕು. ಡಿಕ್ಕಿಯಾದಾಗ ಆ ಮೂಳೆ ಏಟು ತಡೆದುಕೊಳ್ಳುತ್ತದೆ. ಹೊಟ್ಟೆಯ ಮೇಲಿದ್ದರೆ ಬೆಲ್ಟೇ ಕರುಳಿಗೆ ಪೆಟ್ಟು ಕೊಡುತ್ತದೆ.

ಆರು ವರ್ಷದ ಮಗುವನ್ನು ನಿಂತಿರುವ ಕಾರಿನ ಹಿಂದಿನ ಸೀಟಿನಲ್ಲಿ ಬೂಸ್ಟರ್ ಇಲ್ಲದೆ ಕೂರಿಸಿ ನೋಡಿ. ಬೆನ್ನು ಒರಗಿಸಿದರೆ ಮೊಣಕಾಲು ಸೀಟಿನ ಅಂಚಿಗೆ ಮುಟ್ಟುವುದಿಲ್ಲ. ಕಾಲು ಮಡಿಸಲು ಮಗು ಮುಂದಕ್ಕೆ ಜಾರುತ್ತದೆ. ಕೆಳಗಿನ ಪಟ್ಟಿ ಹೊಟ್ಟೆಗೇರುತ್ತದೆ, ಮೇಲಿನದು ಕುತ್ತಿಗೆಗೆ ತಾಗುತ್ತದೆ. ಕಿರಿಕಿರಿ ತಡೆಯದೆ ಮಗು ಅದನ್ನು ಕಂಕುಳ ಕೆಳಗೆ ತಳ್ಳಿಬಿಡುತ್ತದೆ. ಎತ್ತರ ಸುಮಾರು 145 ಸೆಂ.ಮೀ. ಆಗುವವರೆಗೂ ಹೆಚ್ಚಿನ ಮಕ್ಕಳಿಗೆ ಹೀಗೇ. ಬ್ರಿಟನ್ನಿನ ಕಾನೂನು 12 ವರ್ಷ ಅಥವಾ 135 ಸೆಂ.ಮೀ., ಯಾವುದು ಮೊದಲೋ ಅಲ್ಲಿಯವರೆಗೆ ಮಕ್ಕಳ ಸೀಟು ಬೇಕು ಅನ್ನುತ್ತದೆ. ನಮ್ಮ ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ 194ಬಿ ಕಲಮಿನ ಪ್ರಕಾರ, 14 ವರ್ಷದೊಳಗಿನ ಮಗುವನ್ನು ಸೀಟ್ ಬೆಲ್ಟಿನಿಂದಲೋ ಮಕ್ಕಳ ಸೀಟಿನಿಂದಲೋ ಭದ್ರಪಡಿಸದಿದ್ದರೆ 1,000 ರೂ. ದಂಡ. ಆದರೆ ಬೆಲ್ಟು ಮೈಮೇಲೆ ಎಲ್ಲಿ ಕೂರಬೇಕು ಅನ್ನುವುದನ್ನು ಕರಪತ್ರವೇ ಬಿಡಿಸಿ ಹೇಳಬೇಕು.

‘ಮಡಿಲಪಟ್ಟಿ’ ಅನ್ನಲೂ ಮನಸ್ಸು ಬರುತ್ತಿಲ್ಲ. ಮುಂದಿನ ಸೀಟಿನಲ್ಲಿ ಮಗುವನ್ನು ಮಡಿಲಲ್ಲಿ ಕೂರಿಸಿಕೊಂಡು ಹೋಗುವುದು ನಮ್ಮಲ್ಲಿ ಜಾಸ್ತಿ. ಆ ರೂಢಿ ಬಿಡಿ ಅಂತ ಹೇಳುವ ಹಾಳೆಯಲ್ಲೇ ಮಡಿಲು ಯಾಕೆ? ‘ತೊಡೆಪಟ್ಟಿ’ ನನಗೆ ಹಿಡಿಸಿದೆ. ಕೇಳಿದ ತಕ್ಷಣ ಕೈ ಹೊಟ್ಟೆಗೆ ಹೋಗುವುದಿಲ್ಲ. ತೊಡೆಯ ಮಧ್ಯಕ್ಕೇ ಇಳಿಸಿಬಿಟ್ಟಾರು ಅನ್ನುವ ಅಳುಕು ಮಾತ್ರ ಇದೆ.

ಕೂತಾಗ ಹೊಟ್ಟೆ ಮುಗಿದು ತೊಡೆ ಶುರುವಾಗುವ ಕಡೆ ಒಂದು ಮಡಿಕೆ ಬೀಳುತ್ತದಲ್ಲ, ಅದಕ್ಕೆ ನಿಮ್ಮೂರಿನಲ್ಲಿ ಏನನ್ನುತ್ತಾರೆ? ‘ತೊಡೆಸಂದು’ ಗೊತ್ತು, ಆದರೆ ಅದು ಒಳಭಾಗವನ್ನೇ ಹೆಚ್ಚು ಸೂಚಿಸುತ್ತದೆ. ಧಾರವಾಡ, ಕಲಬುರಗಿ ಕಡೆಯವರು ‘ಟೊಂಕ’ ಅಂದಾಗ ಎಷ್ಟು ಕೆಳಗಿನವರೆಗೆ ಲೆಕ್ಕ? ಕುಂದಾಪುರ, ಮಂಗಳೂರಿನವರೂ ಹೇಳಿ. ಮನೆಯ ಹಿರಿಯರನ್ನು ಕೇಳಿ ಬರೆದರೆ ಇನ್ನೂ ಒಳ್ಳೆಯದು. ಮುಂದಿನ ವಾರ ಹಾಳೆ ಅಚ್ಚಿಗೆ ಹೋಗಬೇಕು.