ಎಂ.ಜಿ. ರೋಡ್, ಯುಬಿ ಸಿಟಿ, ಇಂದಿರಾನಗರ: ಎರಡು ಸಂಜೆಗೆ ಹೇಗೆ ಹಂಚಿಕೊಳ್ಳೋದು?

ತುಂಗಾತೀರ:
ಶಿವಮೊಗ್ಗದಿಂದ ಬೆಂಗಳೂರಿಗೆ ನಾಲ್ಕು ಜನ ಬರ್ತಿದ್ದೇವೆ, ಇಬ್ಬರು ಹೆಂಗಸರು, ಇಬ್ಬರು ಗಂಡಸರು. ಎಲ್ಲರಿಗೂ 25 ದಾಟಿದೆ, ಕುಡಿಯುವವರು ಇಬ್ಬರೇ. ಶುಕ್ರವಾರ, ಶನಿವಾರ ಸಂಜೆ ಬಿಡುವು. ಉಳಿದುಕೊಳ್ಳೋದು ಮೆಜೆಸ್ಟಿಕ್ ಹತ್ತಿರ. ಎಂ.ಜಿ. ರೋಡ್, ಚರ್ಚ್ ಸ್ಟ್ರೀಟ್, ಯುಬಿ ಸಿಟಿ, ಇಂದಿರಾನಗರ, ಕೋರಮಂಗಲ ಎಲ್ಲ ನೋಡಬೇಕು ಅಂತ ಆಸೆ. ಯಾವ ದಿನ ಯಾವುದು? ಬಿಲ್ಲಿನಲ್ಲಿ, ವಾಪಸ್ ಬರುವಾಗ ಎಲ್ಲಿ ಎಡವುತ್ತೇವೆ ಅನ್ನೋದನ್ನೂ ತಿಳಿಸಿ.

ಪರೇಡ್ ರೋಡ್:
ಮೊದಲು ಕೋರಮಂಗಲ ಬಿಡಿ. ಚೆನ್ನಾಗಿಲ್ಲ ಅಂತಲ್ಲ, ಅಲ್ಲಿಗೆ ಮೆಟ್ರೋ ಇಲ್ಲ; ಸಂಜೆ ಹೊತ್ತು ಅಲ್ಲಿಗೆ ಹೋಗಿ ಬರೋದರಲ್ಲೇ ಎರಡು ಗಂಟೆ ಕಳೆಯುತ್ತದೆ. ಉಳಿದದ್ದೆಲ್ಲ ನೇರಳೆ ಮಾರ್ಗದ ಮೇಲೇ ಇದೆ, ಮೆಜೆಸ್ಟಿಕ್‌ನಿಂದ ರೈಲು ಬದಲಿಸುವ ಗೋಜೂ ಇಲ್ಲ. ಒಂದು ಸಂಜೆಗೆ ಒಂದೇ ಪ್ರದೇಶ, ಅದೂ ಕಾಲ್ನಡಿಗೆಯಲ್ಲಿ. ಹೀಗೆ ಮಾಡಿದವರಿಗೆ ಊರು ಕಾಣುತ್ತದೆ, ಕ್ಯಾಬ್‌ನಲ್ಲಿ ಸುತ್ತಿದವರಿಗೆ ಕಾಣೋದು ಸಿಗ್ನಲ್ಲು.

ಒಂದು ದಿನ ಸಂಜೆ ನಾಲ್ಕು ಗಂಟೆಗೆ ಕಬ್ಬನ್ ಪಾರ್ಕ್ ನಿಲ್ದಾಣದಲ್ಲಿ ಇಳಿಯಿರಿ. ಎಂ.ಜಿ. ರೋಡ್ ನಿಲ್ದಾಣ ಅಲ್ಲ, ಅದಕ್ಕಿಂತ ಒಂದು ಮುಂಚೆ. ಪಕ್ಕದಲ್ಲೇ ಚಿನ್ನಸ್ವಾಮಿ ಕ್ರೀಡಾಂಗಣ ಇರೋದರಿಂದ ಆ ದಿನ ಪಂದ್ಯ ಇದೆಯಾ ಅಂತ ನೋಡಿಕೊಂಡೇ ಹೊರಡಿ. ಇದ್ದರೆ ಈ ಭಾಗವನ್ನು ಇನ್ನೊಂದು ದಿನಕ್ಕೆ ಹಾಕಿ. ಕಸ್ತೂರಬಾ ರಸ್ತೆ ಹಿಡಿದು ವಿಶ್ವೇಶ್ವರಯ್ಯ ಮ್ಯೂಸಿಯಂ ಮುಂದೆ ಹಾದು ವಿಠಲ್ ಮಲ್ಯ ರಸ್ತೆಯ ಯುಬಿ ಸಿಟಿ ಮಾಲ್‌ಗೆ ನಡೆದರೆ ಹದಿನೈದಿಪ್ಪತ್ತು ನಿಮಿಷ. ಬಲಕ್ಕೆ ಪೂರ್ತಿ ಪಾರ್ಕಿನ ಮರಗಳು, ಆ ನಡಿಗೆಯೇ ಒಂದು ಸುಖ.

ಯುಬಿ ಸಿಟಿ ಒಳಗೆ ಹೋಗೋಕೆ ದುಡ್ಡಿಲ್ಲ. ಲೂಯಿ ವಿಟಾನ್ ತರದ ಅಂಗಡಿಗಳನ್ನು ನೋಡಲು ಸಂಕೋಚ ಬೇಡ, ಕೊಳ್ಳಲೇಬೇಕು ಅಂತ ಯಾರೂ ಕೇಳಲ್ಲ. ಮೇಲೆ ಬಯಲು ರಂಗಮಂದಿರ ಇದೆ, ಸುತ್ತ ಹೋಟೆಲುಗಳು. ಸಂಜೆ ದೀಪ ಹಚ್ಚುವ ಹೊತ್ತಿಗೆ ಅಲ್ಲಿ ಅರ್ಧ ಗಂಟೆ ಕೂತು ಎದ್ದುಬನ್ನಿ. ಊಟ ಅಲ್ಲಿ ಬೇಡ, ಮುಂದೆ ಇದೆ.

ಅಲ್ಲಿಂದ ಲ್ಯಾವೆಲ್ ರೋಡ್ ದಾಟಿ ಸೇಂಟ್ ಮಾರ್ಕ್ಸ್ ರೋಡಿಗೆ ಬಂದರೆ ಕೋಶೀಸ್. ಕಾಫಿ ಅಲ್ಲಿ ಆಗಬಹುದು, ಇಲ್ಲ ಚರ್ಚ್ ಸ್ಟ್ರೀಟಿನ ಇಂಡಿಯನ್ ಕಾಫಿ ಹೌಸಲ್ಲಿ. ಚರ್ಚ್ ಸ್ಟ್ರೀಟ್ ಮುಕ್ಕಾಲು ಕಿಲೋಮೀಟರೂ ಇಲ್ಲ, ಆದರೆ ಎರಡು ಗಂಟೆ ಇಟ್ಟುಕೊಳ್ಳಿ. ಬ್ಲಾಸಮ್, ಬುಕ್‌ವರ್ಮ್ ಪುಸ್ತಕದಂಗಡಿಗಳು ಪಬ್ಬುಗಳಿಗಿಂತ ತುಂಬ ಮುಂಚೆ ಮುಚ್ಚುತ್ತವೆ. ಮೊದಲು ಪುಸ್ತಕ, ಆಮೇಲೆ ಗ್ಲಾಸು. ಬೀದಿಯ ಇನ್ನೊಂದು ತುದಿ ಬ್ರಿಗೇಡ್ ರೋಡ್. ಎಡಕ್ಕೆ ತಿರುಗಿದರೆ ಮೂಲೆಯಲ್ಲಿ ಕಾವೇರಿ ಎಂಪೋರಿಯಂ, ರಸ್ತೆ ದಾಟಿದರೆ ಎಂ.ಜಿ. ರೋಡ್ ಮೆಟ್ರೋ. ಸುತ್ತು ಮುಗಿಯುವುದೇ ನಿಲ್ದಾಣದ ಬಾಗಿಲಲ್ಲಿ. ಇದನ್ನು ಶನಿವಾರಕ್ಕೆ ಇಡಿ, ಆಫೀಸಿನ ಟ್ರಾಫಿಕ್ ಇರಲ್ಲ.

ಹಲಸೂರು ಕೆರೆ:
ದಾರಿ ಸರಿ, ದಿನ ಒಪ್ಪಲ್ಲ. ನಡೆದು ಹೋಗುವವರಿಗೆ ಟ್ರಾಫಿಕ್ಕಿನ ಗೊಡವೆ ಏಕೆ? ಶನಿವಾರ ರಾತ್ರಿ ಚರ್ಚ್ ಸ್ಟ್ರೀಟಲ್ಲಿ ಭುಜಕ್ಕೆ ಭುಜ ತಾಗುತ್ತದೆ, ಪುಸ್ತಕದಂಗಡಿಯ ಕಪಾಟಿನ ನಡುವೆ ನಿಲ್ಲಲೂ ಜಾಗ ಸಿಗಲ್ಲ. ಅದು ಶುಕ್ರವಾರಕ್ಕಿರಲಿ.

ಶನಿವಾರ ಇಂದಿರಾನಗರ. ಎಂ.ಜಿ. ರೋಡಿನಿಂದ ಟ್ರಿನಿಟಿ, ಹಲಸೂರು, ಮೂರನೆಯದೇ ಇಂದಿರಾನಗರ ನಿಲ್ದಾಣ. ಇಳಿಯೋದು ಸಿಎಂಎಚ್ ರಸ್ತೆಯಲ್ಲಿ, 100 ಅಡಿ ರಸ್ತೆ ಪಕ್ಕದಲ್ಲೇ. ಟಾಯ್ಟ್ ಅನ್ನೋ ಬ್ರೂವರಿ, ಅಂದರೆ ತಾನೇ ಬಿಯರ್ ತಯಾರಿಸುವ ಪಬ್ಬು, ನಿಲ್ದಾಣದಿಂದ ನಡೆಯುವ ದೂರ. 12ನೇ ಮುಖ್ಯರಸ್ತೆ ಇನ್ನೂ ಮುಂದೆ, ದೊಮ್ಮಲೂರಿನ ಕಡೆಗೆ. ಬಟ್ಟೆ ಅಂಗಡಿ, ಕೆಫೆ, ಪಬ್ಬು ಎಲ್ಲ ಒತ್ತಾಗಿರೋದು ಅಲ್ಲಿ.

ಸಮಯವೇ ಮುಖ್ಯ. ಆರೂವರೆಗೆ ಹೋದರೆ ಟೇಬಲ್ ಸಿಗುತ್ತದೆ. ಎಂಟೂವರೆಗೆ ಹೋದರೆ ಹೆಸರು ಬರೆಸಿ ಫುಟ್‌ಪಾತಿನಲ್ಲಿ ಕಾಯಬೇಕು. ಫೋನ್ ಮಾಡಿ ಟೇಬಲ್ ಹಿಡಿಯುವಾಗ ಮೂರು ಪ್ರಶ್ನೆ ಕೇಳಿ: ಎಷ್ಟು ಹೊತ್ತು ಕೂರಬಹುದು, ಕವರ್ ಚಾರ್ಜ್ (ಒಳಗೆ ಬಿಡಲು ತಲೆಗಿಷ್ಟು ಅಂತ ಹಣ) ಇದೆಯಾ, ಇದ್ದರೆ ಅಷ್ಟೂ ಹಣ ಊಟಕ್ಕೆ ವಜಾ ಆಗುತ್ತಾ. ಡಿಜೆ ಇರುವ ಕಡೆ ಕುಡಿಯದ ಇಬ್ಬರಿಗೂ ಅಷ್ಟೇ ಹಣ ಬೀಳಬಹುದು. ಬ್ರೂವರಿಗಳಲ್ಲಿ ಸಾಮಾನ್ಯವಾಗಿ ಆ ತೊಂದರೆ ಇಲ್ಲ, ಊಟಕ್ಕಷ್ಟೇ ಕೂತವರೂ ಬೇಕಾದಷ್ಟಿರುತ್ತಾರೆ.

ವಯಸ್ಸಿನ ಗುರುತಿಗೆ ಆಧಾರ್ ಅಥವಾ ಡಿಎಲ್ ಇರಲಿ, ಬಾಗಿಲಲ್ಲಿ 21 ಆಗಿದೆಯಾ ನೋಡುತ್ತಾರೆ. ಗಂಡಸರು ಹವಾಯಿ ಚಪ್ಪಲಿ, ಚಡ್ಡಿ ಹಾಕಿದ್ದರೆ ಕೆಲವು ಕಡೆ ಬಿಡಲ್ಲ. ಹುಕ್ಕಾ ಬಾರ್ ರಾಜ್ಯದಲ್ಲಿ ನಿಷೇಧ, ಯಾರಾದರೂ ಕರೆದರೂ ಹೋಗಬೇಡಿ.

ಬ್ರೂವರಿಯಲ್ಲಿ ಮೊದಲೇ ದೊಡ್ಡ ಗ್ಲಾಸ್ ಹೇಳಬೇಡಿ. ಸ್ಯಾಂಪ್ಲರ್ ಅಂತ ಸಣ್ಣ ಲೋಟಗಳ ಸಾಲು ತರಿಸಿ. ಗೋಧಿ ಬಿಯರ್ ಮಸುಕಾಗಿ, ಮೇಲೆ ದಪ್ಪ ನೊರೆ ಇಟ್ಟುಕೊಂಡು ಬರುತ್ತದೆ. ಬಾಳೆಹಣ್ಣು, ಲವಂಗದ ವಾಸನೆ ಹೊಡೆದರೆ ಕೆಟ್ಟಿದೆ ಅಂದುಕೊಳ್ಳಬೇಡಿ, ಅದು ಆ ಯೀಸ್ಟಿನ ಗುಣ. ಹುಳಿ ವಿನೆಗರ್ ವಾಸನೆ ಬಂದರೆ ಮಾತ್ರ ವಾಪಸ್ ಕೊಡಿ.

ಮಾತು ಕನ್ನಡದಲ್ಲೇ ಶುರು ಮಾಡಿ. ಈ ಬೀದಿಗಳಲ್ಲಿ ಕನ್ನಡ ನಡೆಯಲ್ಲ ಅನ್ನೋ ಹಿಂಜರಿಕೆ ಬೇಡ, ನೀವು ಮಾತಾಡಿದರೆ ನಡೆಯುತ್ತದೆ.

ಲೆಕ್ಕದ ಪುಸ್ತಕ:
ಬಿಲ್ಲು ಬಂದಾಗ ಮೂರು ಸಾಲು ನೋಡಿ. ಊಟ 1,200, ಮದ್ಯ 1,600 ಅಂತಿಟ್ಟುಕೊಳ್ಳಿ. ಜಿಎಸ್‌ಟಿ ಊಟಕ್ಕೆ ಮಾತ್ರ, ಮದ್ಯಕ್ಕಿಲ್ಲ. ಶೇ. 5ರಂತೆ 60 ರೂಪಾಯಿ, ಬಿಲ್ಲಿನಲ್ಲಿ ಕೇಂದ್ರದ್ದು 30, ರಾಜ್ಯದ್ದು 30 ಅಂತ ಎರಡು ಸಾಲಾಗಿ ಬರುತ್ತದೆ. ಒಟ್ಟು 2,860. ಇಡೀ 2,800ಕ್ಕೆ ಶೇ. 5 ಹಾಕಿದ್ದರೆ ತಪ್ಪು, ಕೇಳಿ ಸರಿಪಡಿಸಿಕೊಳ್ಳಿ. ದೊಡ್ಡ ಸ್ಟಾರ್ ಹೋಟೆಲ್ ಒಳಗಿನ ರೆಸ್ಟೋರೆಂಟಾದರೆ ಊಟಕ್ಕೇ ಶೇ. 18 ಇರಬಹುದು, ಅದು ತಪ್ಪಲ್ಲ.

ಇನ್ನೊಂದು ಸಾಲು ಸರ್ವಿಸ್ ಚಾರ್ಜ್. ಶೇ. 10 ಅಂದರೆ ಈ ಲೆಕ್ಕದಲ್ಲಿ 280. ಅದು ಕಡ್ಡಾಯ ಅಲ್ಲ; 2022ರ ಗ್ರಾಹಕ ರಕ್ಷಣಾ ಪ್ರಾಧಿಕಾರದ ಮಾರ್ಗಸೂಚಿಯನ್ನು ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಎತ್ತಿಹಿಡಿದಿದೆ. "ಸರ್ವಿಸ್ ಚಾರ್ಜ್ ತೆಗೆದು ಬೇರೆ ಬಿಲ್ ಕೊಡಿ" ಅಂತ ಮೆಲ್ಲಗೆ ಹೇಳಿದರೆ ಸಾಕು. ಬಡಿಸಿದವರಿಗೆ ಖುಷಿಯಿಂದ ಕೊಡೋದನ್ನು ಅವರ ಕೈಗೇ ಕೊಡಿ.

ಅಕ್ಟೋಬರ್ 2 ಮತ್ತು ಮತದಾನ ಮುಗಿಯುವ ಹಿಂದಿನ 48 ಗಂಟೆ ಮದ್ಯ ಸಿಗಲ್ಲ. ದಿನಾಂಕ ಗಟ್ಟಿ ಮಾಡುವ ಮುಂಚೆ ನೋಡಿಕೊಳ್ಳಿ.

ತುಂಗಾತೀರ:
ತುಂಬ ಉಪಕಾರ. ಎರಡು ವಿಷಯ. ನಮ್ಮಲ್ಲಿ ಒಬ್ಬರಿಗೆ ಮಂಡಿ ನೋವಿದೆ. ಇನ್ನೊಬ್ಬರು ಕಾರಲ್ಲೇ ಓಡಾಡೋಣ ಅಂತಿದ್ದಾರೆ.

ಹಲಸೂರು ಕೆರೆ:
ಮಂಡಿಗೆ: ಚರ್ಚ್ ಸ್ಟ್ರೀಟಿನ ನೆಲ ಕಲ್ಲುಹಾಸು, ಸಣ್ಣ ಕಲ್ಲುಗಳ ಸಂದಿಯಲ್ಲಿ ಎತ್ತರ ಹಿಮ್ಮಡಿಯ ಚಪ್ಪಲಿ ಸಿಕ್ಕಿಕೊಳ್ಳುತ್ತದೆ. ತಳ ದಪ್ಪವಿರುವ ಶೂ ಹಾಕಿಸಿ. ಕಬ್ಬನ್ ಪಾರ್ಕಿನಿಂದ ಯುಬಿ ಸಿಟಿಗೆ ಆಟೋ ಮಾಡಿ, ಆ ಒಂದು ತುಂಡು ಕಡಿಮೆಯಾದರೆ ಉಳಿದದ್ದು ಸಾಧ್ಯ.

ಕಾರು ಖಂಡಿತ ಬೇಡ. ಬ್ರಿಗೇಡ್ ರೋಡ್, ಚರ್ಚ್ ಸ್ಟ್ರೀಟ್ ಎರಡೂ ಏಕಮುಖ. ಒಂದು ತಿರುವು ತಪ್ಪಿದರೆ ದೊಡ್ಡ ಸುತ್ತು. ತರಲೇಬೇಕಾದರೆ ಗರುಡಾ ಮಾಲ್‌ನ ಬಹುಮಹಡಿ ಪಾರ್ಕಿಂಗಿನಲ್ಲಿ ಬಿಟ್ಟು ನಡೆಯಿರಿ, ಓಡಿಸುವವರು ಹನಿಯನ್ನೂ ಮುಟ್ಟಬಾರದು. 100 ಮಿಲಿ ರಕ್ತದಲ್ಲಿ 30 ಮಿಲಿಗ್ರಾಂ ದಾಟಿದರೆ ಕೇಸು, ಮೊದಲ ಸಲಕ್ಕೇ 10,000 ದಂಡ ಅಥವಾ ಆರು ತಿಂಗಳವರೆಗೆ ಜೈಲು, ಎರಡೂ ಆಗಬಹುದು.

ಪರೇಡ್ ರೋಡ್:
ಶುಕ್ರವಾರದ ವಿಷಯದಲ್ಲಿ ಅವರು ಹೇಳಿದ್ದೇ ಸರಿ, ಒಪ್ಪಿದೆ.

ವಾಪಸ್ ಬರೋದು: ಪಬ್ಬುಗಳು 1 ಗಂಟೆವರೆಗೆ ಇರುತ್ತವೆ, ಮೆಟ್ರೋ ಅಷ್ಟು ಹೊತ್ತು ಇರಲ್ಲ. ಕೊನೆಯ ರೈಲುಗಳು ತುದಿ ನಿಲ್ದಾಣಗಳಿಂದ 11ರ ಸುಮಾರಿಗೆ ಹೊರಡುತ್ತವೆ. 10.45ಕ್ಕೆ ಪ್ಲಾಟ್‌ಫಾರಂ ಮೇಲಿದ್ದರೆ ನಿಶ್ಚಿಂತೆ. ಹೋಗುವಾಗಲೇ ವಾಪಸ್ ಬರುವ ದುಡ್ಡೂ ಸೇರಿಸಿ ಮೆಟ್ರೋ ಕಾರ್ಡ್ ತುಂಬಿಸಿ, ರಾತ್ರಿ ಕ್ಯೂ ತಪ್ಪುತ್ತದೆ.

ರೈಲು ತಪ್ಪಿದರೆ ಆಟೋ: ಮೊದಲ 2 ಕಿ.ಮೀ.ಗೆ 36, ಆಮೇಲೆ ಕಿಲೋಮೀಟರಿಗೆ 18, ರಾತ್ರಿ 10ರಿಂದ ಬೆಳಗಿನ 5ರವರೆಗೆ ಒಂದೂವರೆ ಪಟ್ಟು. ಎಂ.ಜಿ. ರೋಡಿನಿಂದ ಮೆಜೆಸ್ಟಿಕ್ ಸುಮಾರು 5 ಕಿ.ಮೀ., ಅಂದರೆ ಮೀಟರಿನಲ್ಲಿ 90, ರಾತ್ರಿ 135. ಕೇಳುವ ರೇಟು ಇದರ ಎರಡು ಪಟ್ಟಾದರೆ ಆ್ಯಪಿನಲ್ಲಿ ಹುಡುಕಿ. ಚರ್ಚ್ ಸ್ಟ್ರೀಟಿನಿಂದ ಕ್ಯಾಬ್ ಕರೆಯುವಾಗ ಪಬ್ಬಿನ ಬಾಗಿಲನ್ನು ಪಿಕಪ್ ಮಾಡಬೇಡಿ. ಏಕಮುಖ ಬೀದಿಗೆ ಬರಲಾಗದೆ ಡ್ರೈವರ್ ರದ್ದು ಮಾಡುತ್ತಾರೆ. ನಾಲ್ವರೂ ಒಟ್ಟಿಗೆ ಸೇಂಟ್ ಮಾರ್ಕ್ಸ್ ರೋಡಿಗೆ ನಡೆದು, ಬೆಳಕಿರುವ ಅಂಗಡಿ ಮುಂದೆ ನಿಂತು, ಆಮೇಲೆ ಬುಕ್ ಮಾಡಿ. ಗಾಡಿ ನಂಬರ್ ಹೊಂದಿಸಿ ನೋಡಿ ಹತ್ತಿ. ಏನಾದರೂ ತೊಂದರೆಯಾದರೆ 112.