ಆಪರೇಷನ್‌ಗೆ ಮುಂಚೆ ಕುಡಿತ ಬಿಡಿಸಿದವರು ಇದ್ದರೆ ಹೇಳಿ

ಕೇಳಿದವರು: ಅಣ್ಣನಿಗೆ ಸೊಂಟದ ಕೀಲು ಬದಲಿಸುವ ಆಪರೇಷನ್ ಇದೆ. ದಿನಾ ಕುಡಿಯುತ್ತಾನೆ, ಜಾಸ್ತಿನೇ. ಈಗಲೇ ಬಿಡಿಸಬೇಕಾ, ಹಿಂದಿನ ದಿನ ಬಿಟ್ಟರೆ ಸಾಕಾ?

ಮಳೆಬಿಲ್ಲು: ನಮ್ಮ ಯಜಮಾನರದ್ದು ಬರೀ ಹರ್ನಿಯಾ. ಕುಡಿಯುತ್ತೀರಾ ಅಂತ ಅನಸ್ತೇಶಿಯಾ ಡಾಕ್ಟರ್ ಕೇಳಿದರೆ "ಅಪರೂಪಕ್ಕೆ" ಅಂದುಬಿಟ್ಟರು. ನಾನು ಬಾಯಿ ತೆರೆದರೆ ಕಣ್ಣು ಬಿಟ್ಟರು. ಆಪರೇಷನ್ ಚೆನ್ನಾಗೇ ಆಯಿತು. ಮಾರನೇ ದಿನ ಕೈ ನಡುಕ, ಹಾಸಿಗೆ ಒದ್ದೆಯಾಗುವಷ್ಟು ಬೆವರು. ಅದರ ಮರುರಾತ್ರಿ ಸನ್ನಿ. ಗೋಡೆ ತುಂಬಾ ಹುಳ ಹರಿಯುತ್ತಿವೆ ಅಂತ ಎದ್ದು ಡ್ರಿಪ್ ಸೂಜಿ ಕಿತ್ತರು, ಹೊಲಿಗೆ ಬಿಚ್ಚಿತು. ಐಸಿಯು, ಮತ್ತೆ ಹೊಲಿಗೆ, ಆಮೇಲೆ ಕೀವು. ದಿನಾ ಗಾಯದೊಳಗಿನ ಗಾಜ್ ಬಟ್ಟೆ ಎಳೆದು ತೆಗೆಯುವಾಗ ಮಂಚದ ಕಂಬಿ ಹಿಡಿದು ಕೂಗುತ್ತಿದ್ದರು. ಬಿಲ್ ದುಪ್ಪಟ್ಟು.

ಗಟ್ಟಿಮನಸ್ಸು: ಎಲ್ಲಾ ಮನಸ್ಸಿನ ಮೇಲಿದೆ. ಪಿತ್ತಕೋಶ ತೆಗೆಸುವ ಮುಂಚೆ ನಾನು ಒಂದೇ ಸಲಕ್ಕೆ ಬಿಟ್ಟೆ. ಏನೂ ಆಗಲಿಲ್ಲ. ಸುಮ್ನೆ ಹೆದರಿಸಬೇಡಿ.

ರಾತ್ರಿಪಾಳಿ: ಸರ್, ನಾನು ವಾರ್ಡ್ ನರ್ಸ್. ನಿಮಗೆ ಆಗಲಿಲ್ಲ, ಸಂತೋಷ. ದಿನಾ ಜಾಸ್ತಿ ಕುಡಿಯುವವರಿಗೆ ಈ ಮಾತು ಹೇಳಬೇಡಿ. ಕೊನೆಯ ಗ್ಲಾಸ್ ಆದ 6ರಿಂದ 24 ಗಂಟೆಯೊಳಗೆ ನಡುಕ ಶುರುವಾಗುತ್ತದೆ, ಫಿಟ್ಸ್ ಬರಬಹುದು. ಸನ್ನಿ ಸಾಮಾನ್ಯವಾಗಿ 48ರಿಂದ 72 ಗಂಟೆಗೆ. ಜೀವ ಹೋಗುವುದೂ ಉಂಟು. ಮೊದಲೇ ಗೊತ್ತಿದ್ದರೆ ಡಾಕ್ಟರ್ ಮಾತ್ರೆ, ಥಯಾಮಿನ್ (ವಿಟಮಿನ್ ಬಿ1) ಕೊಟ್ಟು ಹತೋಟಿಯಲ್ಲಿ ಬಿಡಿಸುತ್ತಾರೆ.

ಮಳೆಬಿಲ್ಲು: ನರ್ಸ್ ಅಂದಿರಲ್ಲ, ನಮ್ಮವರ ಎರಡೂ ಕೈ ಮಂಚಕ್ಕೆ ಕಟ್ಟಿದ್ದರು. ಮಣಿಕಟ್ಟು ಕೆಂಪಾಗಿತ್ತು. ಮನುಷ್ಯರನ್ನ ಕಟ್ಟೋದಾ?

ರಾತ್ರಿಪಾಳಿ: ಕಟ್ಟದಿದ್ದರೆ ಮಂಚದಿಂದ ಬೀಳುತ್ತಾರೆ, ಅಮ್ಮ. ನನಗೆ ಒದೆ ಬಿದ್ದಿದೆ.

ಮಳೆಬಿಲ್ಲು: ಒಂದು ಮಾತು ಕೇಳಿ ಕಟ್ಟಬಹುದಿತ್ತು. ನಾನು ಬಾಗಿಲ ಹೊರಗೇ ಕೂತಿದ್ದೆ.

ಊರುಗೋಲು: ಜಗಳ ಬಿಡಿ. ನಮ್ಮ ಅಪ್ಪನದ್ದೂ ಸೊಂಟದ ಕೀಲೇ. ಕುಡಿತದಿಂದ ಪ್ಲೇಟ್ಲೆಟ್ ಕಡಿಮೆ ಇತ್ತು, ರಕ್ತ ಹೆಪ್ಪುಗಟ್ಟುವುದೂ ನಿಧಾನ. ಡಾಕ್ಟರ್ ತಾರೀಖನ್ನೇ ಮುಂದೂಡಿದರು. 4ರಿಂದ 8 ವಾರ ಮುಂಚೆ ಬಿಟ್ಟರೆ ಸೋಂಕು, ರಕ್ತಸ್ರಾವದ ಅಪಾಯ ಕಡಿಮೆಯಾಗುತ್ತದೆ ಅಂದರು. ಚಿಕ್ಕಪ್ಪ "ನೋವಿನಲ್ಲಿರೋ ಮನುಷ್ಯನಿಗೆ ಹಿಂಸೆ" ಅಂತ ನನ್ನ ಮೇಲೆ ರೇಗಿ ಮಾತು ಬಿಟ್ಟರು. ಬಿಡಲಿ. ಅಪ್ಪನ ಗಾಯ ಸ್ವಲ್ಪವೂ ಸೋರದೆ ಒಣಗಿತು.

ಗಟ್ಟಿಮನಸ್ಸು: ಅಷ್ಟು ವಾರ ಕಾಯೋಕೆ ಎಲ್ಲರಿಗೂ ಆಗಲ್ಲ. ಅಪೆಂಡಿಕ್ಸ್ ಒಡೆದರೆ ಕಾಯ್ತೀರಾ?

ಊರುಗೋಲು: ಕೇಳಿದ್ದು ಕೀಲಿನ ವಿಷಯ. ಓದಿ ಬರೆಯಿರಿ.

ಕೇಳಿದವರು: ಅಣ್ಣ ಒಪ್ಪಿದ್ದಾನೆ. ಸರ್ಜನ್‌ಗೆ ಹೇಳಬೇಕಾ, ಅನಸ್ತೇಶಿಯಾದವರಿಗಾ?

ರಾತ್ರಿಪಾಳಿ: ಇಬ್ಬರಿಗೂ. ದಿನಕ್ಕೆ ಎಷ್ಟು, ಕೊನೆಯದು ಯಾವಾಗ, ಹಿಂದೆ ಬಿಟ್ಟಾಗ ಫಿಟ್ಸ್ ಬಂದಿತ್ತಾ, ಎಲ್ಲಾ ಹೇಳಿ. ಅವರನ್ನು ಕೇಳುವವರೆಗೆ ಒಮ್ಮೆಲೇ ನಿಲ್ಲಿಸಬೇಡಿ.