ಪದಚರ್ಚೆ: ‘ಹಿಡಿದು ಬಿಡಿ’ ಮತ್ತು ಗಾಳದ ಸುತ್ತಲಿನ ಕೆಲವು ಪದಗಳು

ಕೆರೆ, ಹೊಳೆಗಳನ್ನು ಸುತ್ತಿ ಗಾಳ ಹಾಕಿ ಬರೋಣ ಎಂದು ಗೆಳೆಯರು ಸೇರಿ ಯೋಚನೆ ಮಾಡಿದ್ದೇವೆ. ಏನೇನು ತರಬೇಕು, ಎಲ್ಲಿ ಕೂರಬೇಕು, ಏನು ಮಾಡಬಾರದು ಎಂದು ಒಂದೆರಡು ಪುಟ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ಕನ್ನಡದಲ್ಲೇ ಬರೆಯೋಣ ಎಂದು ಕೂತರೆ ಕೆಲವು ಪದಗಳು ತಕರಾರು ಮಾಡುತ್ತಿವೆ. ತಿಳಿದವರು ಸ್ವಲ್ಪ ಹೇಳಿ.

ದೊಡ್ಡ ತೊಡಕು ಇದು. ಸಣ್ಣ ಮೀನು ಗಾಳಕ್ಕೆ ಬಂದರೆ ವಾಪಸ್ ನೀರಿಗೆ ಬಿಡಬೇಕು ಎಂಬುದು ನಮ್ಮ ನಿಯಮ. ಅದನ್ನು ಚುಟುಕಾಗಿ ‘ಸಣ್ಣ ಮೀನುಗಳನ್ನು ಹಿಡಿದು ಬಿಡಿ’ ಎಂದು ಬರೆಯಬಹುದು. ಆದರೆ ನಡುವಿನ ಜಾಗ ತೆಗೆದು ‘ಹಿಡಿದುಬಿಡಿ’ ಎಂದರೆ ಅರ್ಥ ಪೂರ್ತಿ ತಿರುಗಿಬಿಡುತ್ತದೆ! ಹೇಳಿಬಿಡು, ತಿಂದುಬಿಡು ಅನ್ನುವಾಗ ‘ಬಿಡು’ ಎಂಬುದಕ್ಕೆ ಕೈಬಿಡುವ ಅರ್ಥವೇ ಇಲ್ಲ, ಕೆಲಸ ಮುಗಿಸು ಎಂಬ ಒತ್ತು ಮಾತ್ರ. ಅಂದರೆ ‘ಹಿಡಿದುಬಿಡಿ’ ಎಂದರೆ ಒಂದನ್ನೂ ಬಿಡದೆ ಹಿಡಿಯಿರಿ ಎಂದಂತೆ. ಮಾತಿನಲ್ಲಿ ಈ ಕಷ್ಟವಿಲ್ಲ. ‘ಹಿಡಿದ್ಬಿಡಿ’ ಎಂದರೆ ಒಂದು, ‘ಹಿಡಿದು’ ಎಂದು ಕೊಂಚ ತಡೆದು ‘ಬಿಡಿ’ ಎಂದರೆ ಇನ್ನೊಂದು. ಬರಹದಲ್ಲಿ ಈ ತಡೆಯನ್ನು ಬರೀ ಒಂದು ಖಾಲಿ ಜಾಗ ಹೊರಬೇಕು. ಮೇಲಾಗಿ ‘ಒಂದನ್ನೂ ಬಿಡದೆ ಹಿಡಿಯಿರಿ’ ಎಂಬ ಅರ್ಥದಲ್ಲೂ ಬಿಡಿಸಿ ಬರೆಯುವವರು ಜಾಸ್ತಿ, ಅಲ್ವಾ?

‘ಹಿಡಿದದ್ದನ್ನು ನೀರಿಗೆ ಬಿಡಿ’ ಎಂದು ಬರೆದರೆ ವಾಕ್ಯದ ಮಟ್ಟಿಗೆ ಸಮಸ್ಯೆ ಮುಗಿಯುತ್ತದೆ. ಆದರೆ ಈ ರೂಢಿಗೇ ಒಂದು ಹೆಸರು ಬೇಕು. ಕ್ಯಾಚ್ ಅಂಡ್ ರಿಲೀಸ್ ಎಂದು ಬರೆಯಲು ನನಗೇನೂ ಮಡಿವಂತಿಕೆ ಇಲ್ಲ, ಆದರೆ ಉದ್ದ. ‘ಮರುಬಿಡುಗಡೆ’ ಅನ್ನುವುದು ಕಚೇರಿಯ ಸುತ್ತೋಲೆಯ ವಾಸನೆ ಹೊಡೆಯುತ್ತದೆ. ‘ಹಿಡಿ-ಬಿಡು’ ಎಂದರೆ ಹೇಗೆ? ಕೊಡು-ಕೊಳ್ಳು ಇದ್ದ ಹಾಗೆ. ‘ಇದು ಹಿಡಿ-ಬಿಡು ಜಾಗ’ ಎಂದರೆ ಅರ್ಥವಾಗುತ್ತದೆಯೇ, ಅಥವಾ ವಿವರಿಸಬೇಕಾಗುತ್ತದೆಯೇ?

ಇದಕ್ಕೇ ಅಂಟಿಕೊಂಡ ಇನ್ನೊಂದು ಪ್ರಶ್ನೆ. ಗಾಳದ ತುದಿಯ ಹತ್ತಿರ ಹಿಂದಕ್ಕೆ ಬಾಗಿದ ಒಂದು ಪುಟ್ಟ ಮುಳ್ಳು ಇರುತ್ತದಲ್ಲ, ಕಚ್ಚಿದ ಮೀನು ಜಾರಿ ಹೋಗದಂತೆ ತಡೆಯುವುದು. ಅದಕ್ಕೆ ಏನೆನ್ನುತ್ತಾರೆ? ಮೀನನ್ನು ವಾಪಸ್ ಬಿಡುವವರು ಆ ಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿಕೊಳ್ಳುತ್ತಾರೆ. ಆಗ ಗಾಳ ಸಲೀಸಾಗಿ ಬಿಡಿಸಲು ಬರುತ್ತದೆ, ಬಾಯಿ ಹರಿಯುವುದೂ ಕಡಿಮೆ. ನಾನು ಸದ್ಯಕ್ಕೆ ‘ಹಿಮ್ಮುಳ್ಳು’ ಎಂದು ಬರೆದಿಟ್ಟಿದ್ದೇನೆ. ಇದು ನಾನೇ ಕಟ್ಟಿಕೊಂಡದ್ದು. ಗಾಳ ಹಾಕುವವರ ಬಾಯಲ್ಲಿ ಬೇರೆ ಪದ ಖಂಡಿತ ಇರುತ್ತದೆ, ನನಗೆ ಅದು ಬೇಕು. ಜೊತೆಗೆ ಮೀನಿನ ಮೈಮೇಲಿನ ಜಾರುವ ಪದರ. ಸೋಂಕು ತಗಲದಂತೆ ಮೀನನ್ನು ಕಾಯುವುದು ಆ ಪದರವೇ. ಒಣಗಿದ ಕೈಯಲ್ಲಿ ಹಿಡಿದರೆ ಕಿತ್ತು ಬರುತ್ತದೆ, ಹಾಗಾಗಿ ಮೊದಲು ಕೈ ಒದ್ದೆ ಮಾಡಿಕೊಳ್ಳಬೇಕು. ಇದಕ್ಕೆ ‘ಲೋಳೆ’ ಸಾಕು ಅನ್ನಿಸುತ್ತದೆ.

‘ಗಾಳ’ ಎಂಬ ಪದವೇ ನೋಡಿ, ಎಷ್ಟು ದುಡಿಯುತ್ತದೆ. ಕೊಕ್ಕೆಯೂ ಗಾಳ, ಕೋಲು-ದಾರ-ಕೊಕ್ಕೆ ಎಲ್ಲ ಸೇರಿದ್ದೂ ಗಾಳ. ‘ಆರು ಗಾಳ ತನ್ನಿ’ ಎಂದರೆ ಒಬ್ಬ ಆರು ಕೊಕ್ಕೆ ತರುತ್ತಾನೆ, ಇನ್ನೊಬ್ಬ ಆರು ಕೋಲು ಹೊತ್ತು ಬರುತ್ತಾನೆ. ಪಟ್ಟಿಯಲ್ಲಿ ಹುಕ್ (ಕೊಕ್ಕೆ), ರಾಡ್ (ಕೋಲು), ರೀಲ್ (ದಾರ ಸುತ್ತುವ ಗಾಲಿ) ಎಂದೇ ಬರೆದುಬಿಟ್ಟೆ. ದಾರವನ್ನು ನೀರಿಗೆ ಇಳಿಸುವ ಭಾರ, ಅಂದರೆ ಸಿಂಕರ್‌ಗೆ ‘ಗುಂಡು’ ಚೆನ್ನಾಗಿದೆ. ನೀರಿನ ಮೇಲೆ ತೇಲುವ ಫ್ಲೋಟ್‌ಗೆ ‘ಬೆಂಡು’ ಇರುವಾಗ ಬೇರೆ ಯಾಕೆ? ‘ಬೆಂಡು ಮುಳುಗಿತು’ ಎಂದರೆ ಮೀನು ಕಚ್ಚಿತು ಎಂದು ಎಲ್ಲರಿಗೂ ಗೊತ್ತಾಗುತ್ತದೆ.

ಹುಕ್‌ನ ನಂಬರಿನದೂ ಒಂದು ಗೋಳು. ನಂಬರ್ ದೊಡ್ಡದಾದಷ್ಟೂ ಹುಕ್ ಚಿಕ್ಕದಾಗುತ್ತದೆ. 12ಕ್ಕಿಂತ 6 ದೊಡ್ಡದು, 6ಕ್ಕಿಂತ 1 ದೊಡ್ಡದು. 1 ದಾಟಿದ ಮೇಲೆ 1/0, 2/0, 3/0 ಎಂದು ನಂಬರಿನ ಜೊತೆಗೆ ಹುಕ್ಕೂ ಬೆಳೆಯುತ್ತದೆ. ಇದರಲ್ಲಿ ‘ದೊಡ್ಡ ನಂಬರಿನದು ತನ್ನಿ’ ಎಂದು ಬರೆಯುವ ಧೈರ್ಯ ನನಗಿಲ್ಲ. 1/0 ಎಂಬುದನ್ನು ಕನ್ನಡದಲ್ಲಿ ಓದುವುದು ಹೇಗೆ? ‘ಒಂದು ಸೊನ್ನೆ’ ಎಂದರೆ ಹತ್ತು ಎಂದುಕೊಳ್ಳುವ ಅಪಾಯ ಇದೆ.

‘ಎರೆ’ಯ ಬಗ್ಗೆ ಸುಮ್ನೆ ಕುತೂಹಲ. ಗಾಳಕ್ಕೆ ಸಿಕ್ಕಿಸುವ ತಿನಿಸು ಎರೆ, ಮಣ್ಣಿನಲ್ಲಿರುವ ಹುಳ ಎರೆಹುಳ. ಎರೆಯಾಗಿ ಹಾಕುವ ಹುಳವಾದ್ದರಿಂದ ಎರೆಹುಳ ಆಯಿತೇ, ಅಥವಾ ಎರೆಮಣ್ಣಿನ ಕಡೆಯಿಂದ ಬಂತೇ? ತಮಿಳಿನ ‘ಇರೈ’, ಮಲಯಾಳದ ‘ಇರ’ ಎರಡಕ್ಕೂ ಬೇಟೆ, ತಿನಿಸು, ಗಾಳದ ಎರೆ ಎಂಬ ಅರ್ಥಗಳಿವೆ. ಹಾಗಾಗಿ ನನ್ನ ಓಟು ಮೊದಲನೆಯದಕ್ಕೆ. ಒಪ್ಪದವರು ಕಾರಣ ಕೊಡಿ. ಲೋಹದ, ಪ್ಲಾಸ್ಟಿಕ್ಕಿನ ಹೊಳೆಯುವ ಲೂರ್‌ಗಳನ್ನು ‘ಹುಸಿ ಎರೆ’ ಅನ್ನಬಹುದಲ್ಲವೇ?

ಇನ್ನು ನೀರಿನ ಪದಗಳು. ಇಲ್ಲಿ ಕನ್ನಡ ಶ್ರೀಮಂತವಾಗಿದೆ, ಆದರೂ ಒಂದೆರಡು ಕಡೆ ಸಿಕ್ಕಿಬಿದ್ದಿದ್ದೇನೆ. ಹೊಳೆಯಲ್ಲಿ ಆಳವಾಗಿ, ನಿಧಾನವಾಗಿ ಇರುವ ಭಾಗ ಮಡು. ಜೋರಾಗಿ ಎಳೆಯುವುದು ಸೆಳವು. ತಿರುಗುವುದು ಸುಳಿ. ಸೆಳವು ಮತ್ತು ನಿಂತಂತಿರುವ ನೀರು ಒಂದಕ್ಕೊಂದು ತಾಗುವ ಕಡೆ ನೀರಿನ ಮೇಲೆ ಒಂದು ಗೆರೆ ಕಾಣುತ್ತದೆ. ಮೀನು ಆ ಗೆರೆಯ ನಿಧಾನ ನೀರಿನ ಬದಿಯಲ್ಲಿ ನಿಂತು, ಸೆಳವು ಹೊತ್ತು ತರುವ ತಿನಿಸಿಗೆ ಕಾಯುತ್ತದೆ. ಈಜುವ ಶ್ರಮ ಕಡಿಮೆ, ಊಟ ತಾನಾಗಿ ಬರುತ್ತದೆ. ಎರೆ ಬೀಳಬೇಕಾದ್ದು ಅಲ್ಲಿಯೇ. ಆ ಗೆರೆಗೆ ಪದ ಏನು? ‘ಸೆಳವಿನ ಅಂಚು’ ಎಂದು ಬರೆದಿದ್ದೇನೆ. ಪರವಾಗಿಲ್ಲ, ಆದರೆ ಇದಕ್ಕಿಂತ ಚಿಕ್ಕದು ಇರಬಹುದು.

ಇನ್ನೊಂದು, ಕಲ್ಲುಗಳ ಮೇಲೆ ತೆಳುವಾಗಿ, ಸದ್ದು ಮಾಡುತ್ತಾ, ನೊರೆ ಎಬ್ಬಿಸಿಕೊಂಡು ಹರಿಯುವ ನೀರು. ಬಿಸಿಲು ಕಾಲದಲ್ಲಿ ಇದನ್ನು ಹೆಸರಿಟ್ಟು ಹೇಳಲೇಬೇಕು. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗಿರುವ ಆಮ್ಲಜನಕ ಕಡಿಮೆಯಾಗುತ್ತದೆ. ಕಲ್ಲಿಗೆ ಬಡಿದು ಒಡೆಯುವ ನೀರು ಗಾಳಿಯಿಂದ ಅದನ್ನು ಮತ್ತೆ ಹೀರಿಕೊಳ್ಳುತ್ತದೆ, ಮೀನು ಅಲ್ಲಿಗೆ ಬರುತ್ತದೆ. ಆಳವಾದ ಕೆರೆಯಲ್ಲಿ ಲೆಕ್ಕವೇ ಬೇರೆ. ಬಿಸಿ ನೀರು ಮೇಲೆ, ತಂಪು ನೀರು ಕೆಳಗೆ ಎಂದು ಪದರವಾಗಿ ನಿಂತುಬಿಟ್ಟರೆ ತಳದಲ್ಲಿ ಆಮ್ಲಜನಕ ತೀರಿಹೋಗಬಹುದು. ಹಾಗಾಗಿ ‘ಬಿಸಿಲಿಗೆ ಮೀನು ತಳ ಸೇರುತ್ತದೆ’ ಎಂಬ ಮಾತು ಎಲ್ಲ ಕಡೆ ನಿಲ್ಲುವುದಿಲ್ಲ. ಈ ಕಲ್ಲುನೀರಿಗೆ ‘ಜರಿ’ ಎಂದರೆ ಮೇಲಿಂದ ಇಳಿಯುವ ಝರಿಯ ನೆನಪಾಗುತ್ತದೆ, ‘ತೊರೆ’ ಎಂದರೆ ಇಡೀ ಹಳ್ಳವೇ ಆಗುತ್ತದೆ. ಯಾವುದೂ ಸರಿ ಕೂರುತ್ತಿಲ್ಲ.

ಕೊನೆಯದಾಗಿ ತಲೆಬರಹ. ‘ಮೀನುಗಾರಿಕೆ ಪ್ರವಾಸ’ ಎಂದರೆ ಕಸುಬಿನವರು ದೋಣಿ ತಗೊಂಡು ಹೊರಟಂತೆ ಕೇಳುತ್ತದೆ. ಖುಷಿಗಾಗಿ ಗಾಳ ಹಾಕುವುದಕ್ಕೆ 12ನೇ ಶತಮಾನದಲ್ಲೇ ಒಂದು ಹೆಸರಿತ್ತು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ತನ್ನ ಸಂಸ್ಕೃತ ಗ್ರಂಥ ಮಾನಸೋಲ್ಲಾಸದಲ್ಲಿ ಅದನ್ನು ‘ಮತ್ಸ್ಯವಿನೋದ’ ಎಂದು ಕರೆದಿದ್ದಾನೆ. ಚೆಂದದ ಪದವೇ, ಆದರೆ ನಮ್ಮ ಬೆಂಡು, ಗುಂಡು, ಎರೆಗಳ ನಡುವೆ ಪೇಟ ಸುತ್ತಿಕೊಂಡು ಬಂದಂತೆ ಕಾಣುತ್ತದೆ. ‘ಗಾಳದ ಸುತ್ತಾಟ’ ಎಂದು ಬರೆಯೋಣ ಎಂದರೆ, ಗಾಳ ಹಾಕುವುದು ಎಂದರೆ ಯಾರನ್ನೋ ಮರುಳು ಮಾಡುವುದು ಎಂಬ ಅರ್ಥವೂ ಇದೆ ಎಂದು ಒಬ್ಬರು ತಗಾದೆ ತೆಗೆದಿದ್ದಾರೆ. ಮೀನಿನ ಕಡೆಯಿಂದ ನೋಡಿದರೆ ಅದು ಸರಿಯೇ. ನಿಮಗೆ ಯಾವುದು ಹಿಡಿಸುತ್ತದೆ?